ರಕ್ತದೊತ್ತಡ ಮತ್ತು ಧಮನಿಯ ಗ್ರಾಹಕಗಳು

ಜಹೀರಾಬಾದ್, ನಾರಾಯಣಖೇಡ, ತಾಂಡೂರು ಸೀಮೆಯ ನಮ್ಮ ಮನೆಗಳಲ್ಲಿ ‘ಬಿ.ಪಿ.’ ಎಂಬುದು ಚಿರಪರಿಚಿತ ಪದ. ಅದರ ಮೂಲ ಹೃದಯದಲ್ಲಷ್ಟೇ ಅಲ್ಲ, ಸಣ್ಣ ಧಮನಿಗಳ ಬಿಗಿತದಲ್ಲಿಯೂ ಇದೆ.

ಧಮನಿಯ ಗೋಡೆಯಲ್ಲಿ ಸ್ನಾಯುವಿನ ಪದರವೊಂದುಂಟು. ಅದರ ಜೀವಕೋಶಗಳ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ನರಗಳಿಂದಲೂ ರಕ್ತದಿಂದಲೂ ಬರುವ ರಾಸಾಯನಿಕಗಳು, ಬೀಗಕ್ಕೆ ಕೀಲಿಯಂತೆ, ಇವುಗಳಲ್ಲಿ ಕೂಡುತ್ತವೆ. 1948ರಲ್ಲಿ ಅಮೆರಿಕದ ರೇಮಂಡ್ ಆಲ್‌ಕ್ವಿಸ್ಟ್ ಅಡ್ರಿನಲಿನ್‌ಗೆ ಓಗೊಡುವ ಗ್ರಾಹಕಗಳನ್ನು ಆಲ್ಫಾ, ಬೀಟಾ ಎಂದು ವಿಂಗಡಿಸಿದರು. ಸಾಮಾನ್ಯವಾಗಿ ಆಲ್ಫಾ ಧಮನಿಯನ್ನು ಬಿಗಿಯುತ್ತದೆ, ಬೀಟಾ ಸಡಿಲಿಸುತ್ತದೆ.

ಒತ್ತಡವು ಏರಿಯೇ ಉಳಿದಾಗ ಈ ಸಮತೋಲ ಕೆಡುತ್ತದೆ. ಅನೇಕ ರೋಗಿಗಳಲ್ಲಿ ಬೀಟಾ ಗ್ರಾಹಕವಿದ್ದರೂ ಅದರ ಸಂದೇಶ ಕೋಶದೊಳಗೆ ಕುಂದುತ್ತದೆ. ಬಿಗಿಯುವ ಸಂದೇಶ ಮಾತ್ರ ಉಳಿಯುತ್ತದೆ. ಸ್ನಾಯು ದಪ್ಪಗಾಗಿ ನಾಳ ಕಿರಿದಾಗುತ್ತದೆ. ಒತ್ತಡ ಮತ್ತಷ್ಟು ಏರುತ್ತದೆ.

ಬಿಗಿಯುವ ಸಂದೇಶವನ್ನು ತಗ್ಗಿಸುವುದು ಚಿಕಿತ್ಸೆಯ ಒಂದು ಮಾರ್ಗ. 1949ರಲ್ಲಿ ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲರು ಸರ್ಪಗಂಧದ ಬೇರಿನಿಂದ ಒತ್ತಡ ಇಳಿಯುವುದನ್ನು ಬ್ರಿಟಿಷ್ ವೈದ್ಯಪತ್ರಿಕೆಯಲ್ಲಿ ಪ್ರಕಟಿಸಿದರು. ಅದರಲ್ಲಿನ ರೆಸರ್ಪಿನ್ ನರತುದಿಗಳ ನಾರ್‌ಅಡ್ರಿನಲಿನ್ ಸಂಗ್ರಹವನ್ನು ಬರಿದುಮಾಡುವುದೆಂದು ತರುವಾಯ ತಿಳಿಯಿತು. ಇಂದಿನ ಲೊಸಾರ್ಟಾನ್ ಆಂಜಿಯೊಟೆನ್ಸಿನ್ ಎಂಬ ಮತ್ತೊಂದು ಕೀಲಿಯ ಬೀಗವನ್ನು ಮುಚ್ಚುತ್ತದೆ.

ಮಾತ್ರೆಯು ಬೀಗವನ್ನು ಮುಚ್ಚಿರುವುದು ಅದು ದೇಹದಲ್ಲಿರುವವರೆಗೆ ಮಾತ್ರ. ತಲೆನೋವಿಲ್ಲ, ಆಯಾಸವಿಲ್ಲವೆಂದು ನಿಲ್ಲಿಸಿದರೆ ಧಮನಿ ಸದ್ದಿಲ್ಲದೆ ಮತ್ತೆ ಬಿಗಿಯುತ್ತದೆ. ಪಾರ್ಶ್ವವಾಯು, ಮೂತ್ರಪಿಂಡದ ಹಾನಿ ಹಿಂಬಾಲಿಸಬಹುದು. 2017ರಲ್ಲಿ ಆರಂಭವಾದ ಭಾರತೀಯ ರಕ್ತದೊತ್ತಡ ನಿಯಂತ್ರಣ ಕಾರ್ಯಕ್ರಮದ ಮೊದಲ ಐದು ರಾಜ್ಯಗಳಲ್ಲಿ ತೆಲಂಗಾಣವೂ ಒಂದು. ಹಿರಿಯರ ಒತ್ತಡವನ್ನು ಅಳೆಯಿಸಿರಿ. ಉಪ್ಪನ್ನು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಮಾಡಿರಿ. ವೈದ್ಯರನ್ನು ಕೇಳದೆ ಮಾತ್ರೆ ಬಿಡದಿರಿ.