ಅಂತರಗಂಗೆಯನ್ನು ತಿನ್ನುವ ಮೂತಿ ಹುಳು: ಕೆರೆ ಸ್ವಚ್ಛತೆಗೆ ಮುನ್ನ ತಿಳಿದಿರಬೇಕಾದ ಸಂಗತಿ

ಕೆರೆಗಳಲ್ಲಿ ಬೆಳೆದ ಅಂತರಗಂಗೆಯನ್ನು ತೆಗೆಸಲು ಗ್ರಾಮ ಪಂಚಾಯಿತಿಗಳು ವೆಚ್ಚ ಮಾಡುತ್ತವೆ. ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಕಳೆ ಮತ್ತೆ ಆವರಿಸುತ್ತದೆ. ಇಲ್ಲಿ ಹೇಳುತ್ತಿರುವುದು ಉಬ್ಬಿದ ತೊಟ್ಟು ಮತ್ತು ನೇರಳೆ ಹೂವಿನ ಗಿಡವನ್ನು ಕುರಿತು. ಎಲೆಕೋಸಿನಂತೆ ತೇಲುವ ಇನ್ನೊಂದು ಗಿಡಕ್ಕೂ ಕೆಲವೆಡೆ ಇದೇ ಹೆಸರಿದೆ.

ಈ ಗಿಡದ ತವರು ದಕ್ಷಿಣ ಅಮೆರಿಕದ ಅಮೆಜಾನ್ ನದಿಯ ನೆರೆ ಬಯಲು. ಅಲಂಕಾರಕ್ಕೆಂದು 19ನೇ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ಬಂದು, ಅಲ್ಲಿಂದ ದೇಶವನ್ನೆಲ್ಲ ವ್ಯಾಪಿಸಿತು. ತವರಿನಲ್ಲಿ ಅದು ಮಿತಿ ಮೀರದಿರಲು ಎರಡು ಕಾರಣಗಳಿವೆ. ನೆರೆ ಇಳಿದಾಗ ದಡದಲ್ಲಿ ಸಿಲುಕಿದ ಗಿಡಗಳು ಒಣಗಿ ಸಾಯುತ್ತವೆ. ಉಳಿದವನ್ನು ಕೀಟಗಳು ತಿನ್ನುತ್ತವೆ. ಕಾರ್ನಾಪ್ಸ್ ಎಂಬ ಮಿಡತೆ ಎಲೆಯನ್ನು ಮೇಯುವುದಲ್ಲದೆ ಮೊಟ್ಟೆಯನ್ನೂ ಅದರ ತೊಟ್ಟಿನೊಳಗೇ ಇಡುತ್ತದೆ. ಭಾರತಕ್ಕೆ ಗಿಡ ಮಾತ್ರ ಬಂದಿತು, ಅದನ್ನು ತಿನ್ನುವವು ಬರಲಿಲ್ಲ.

ಈ ಕೊರತೆಯನ್ನು ತುಂಬಲು 1980ರ ದಶಕದಲ್ಲಿ ನಿಯೋಕೆಟಿನಾ ಜಾತಿಯ ಮೂತಿ ಹುಳುಗಳನ್ನು ತರಿಸಿ ಬೆಂಗಳೂರಿನ ಕೆರೆಗಳಲ್ಲಿ ಬಿಡಲಾಯಿತು. ತೆಂಗಿನ ಕೆಂಪು ಮೂತಿ ಹುಳುವನ್ನು ಕಂಡವರಿಗೆ ಇದರ ಆಕಾರ ಪರಿಚಿತವೇ; ಆದರೆ ಗಾತ್ರ ನಾಲ್ಕೈದು ಮಿಲಿಮೀಟರ್ ಮಾತ್ರ. ಪ್ರೌಢ ಹುಳು ರಾತ್ರಿ ವೇಳೆ ಎಲೆಯ ಮೇಲ್ಪದರವನ್ನು ಕೆರೆದು ತಿನ್ನುತ್ತದೆ. ನಿಜವಾದ ಹಾನಿ ಮಾಡುವುದು ಮರಿಹುಳು: ತೊಟ್ಟಿನೊಳಗೆ ಸುರಂಗ ಕೊರೆಯುತ್ತಾ ಬುಡದ ಸುಳಿಯನ್ನು ತಲುಪುತ್ತದೆ. ಕೊರೆದ ಜಾಗದಲ್ಲಿ ನೀರು ನುಗ್ಗಿ ಗಿಡ ಕೊಳೆಯುತ್ತದೆ, ಕ್ರಮೇಣ ಮುಳುಗುತ್ತದೆ. ಬಳಿಕ ಮರಿಹುಳು ನೀರಿನೊಳಗಿನ ಬೇರಿಗೆ ಅಂಟಿಕೊಂಡು ಕೋಶ ಕಟ್ಟುತ್ತದೆ. ಮೊಟ್ಟೆಯಿಂದ ಪ್ರೌಢಾವಸ್ಥೆಗೆ ಸುಮಾರು ಮೂರು ತಿಂಗಳು ಬೇಕು. ಬೆಂಗಳೂರಿನ ಹೆಬ್ಬಾಳ ಕೆರೆಯಲ್ಲಿ ಕಳೆ ಹತೋಟಿಗೆ ಬಂದದ್ದು ತಿಂಗಳುಗಳಲ್ಲಲ್ಲ, ವರ್ಷಗಳಲ್ಲಿ.

ಭತ್ತ, ರಾಗಿ, ತರಕಾರಿಗೆ ಈ ಹುಳು ತಗಲುವುದೇ ಎಂಬ ಪ್ರಶ್ನೆ ಗ್ರಾಮಸಭೆಯಲ್ಲಿ ಸಹಜವಾಗಿ ಏಳುತ್ತದೆ. ತಗಲುವುದಿಲ್ಲ. ಬೆಳೆಗಳ ಮೇಲೆ ಪರೀಕ್ಷಿಸಿದ ನಂತರವೇ ಇದನ್ನು ಬಿಡಲಾಗಿದ್ದು, ಅಂತರಗಂಗೆಯಿಲ್ಲದೆ ಇದರ ಸಂತತಿ ಮುಂದುವರಿಯದು.

ಕಷ್ಟವಿರುವುದು ಇಲ್ಲಿಯೇ. ಯಂತ್ರದಿಂದ ಒಂದೇ ಬಾರಿಗೆ ಗಿಡಗಳನ್ನೆಲ್ಲ ತೆಗೆದರೆ ಹುಳುವೂ ಅದರೊಂದಿಗೆ ದಡ ಸೇರುತ್ತದೆ. ಬೇಸಿಗೆಯಲ್ಲಿ ಕೆರೆ ಪೂರ್ಣ ಒಣಗಿದಾಗಲೂ ಹಾಗೆಯೇ. ಹೂಳಿನಲ್ಲಿರುವ ಬೀಜಗಳಾದರೋ ಹಲವು ವರ್ಷ ಜೀವ ಹಿಡಿದಿರುತ್ತವೆ. ನೀರು ಬಂದೊಡನೆ ಗಿಡ ಮೊಳೆಯುತ್ತದೆ, ಹುಳು ಮಾತ್ರ ಇರುವುದಿಲ್ಲ. ಕಳೆನಾಶಕ ಸಿಂಪಡಿಸಿದರೆ ಹುಳುವಿನ ಆಹಾರ ನಾಶವಾಗುವುದಲ್ಲದೆ, ಒಟ್ಟಿಗೆ ಕೊಳೆತ ಗಿಡಗಳು ನೀರಿನ ಆಮ್ಲಜನಕವನ್ನು ಹೀರಿ ಮೀನುಗಳು ಸಾಯುವ ಸಂಭವವಿದೆ. ಮೀನುಗಾರಿಕೆ ಗುತ್ತಿಗೆಯಿರುವ ಕೆರೆಗಳಲ್ಲಿ ಇದು ಸಣ್ಣ ಮಾತಲ್ಲ.

ಆದುದರಿಂದ ತೂಬು, ಕೋಡಿ, ದನಗಳಿಗೆ ನೀರು ಕುಡಿಸುವ ಜಾಗಗಳನ್ನು ಮೊದಲು ತೆರವುಗೊಳಿಸಿ, ಹುಳು ಬಿದ್ದ ಒಂದು ಭಾಗವನ್ನು ತೆಪ್ಪದಂತೆ ಹಗ್ಗ ಕಟ್ಟಿ ಉಳಿಸಿಕೊಳ್ಳುವುದು ಸೂಕ್ತ. ಊರಿನ ಚರಂಡಿ ನೀರು ನೇರವಾಗಿ ಸೇರುವ ಕೆರೆಯಲ್ಲಿ ಹುಳುವನ್ನಷ್ಟೇ ನಂಬುವಂತಿಲ್ಲ. ಗೊಬ್ಬರದಂತಹ ಆ ನೀರಿನಲ್ಲಿ ಹುಳು ತಿನ್ನುವುದಕ್ಕಿಂತ ವೇಗವಾಗಿ ಗಿಡ ಚಿಗುರುತ್ತದೆ. ಅಂತಹ ಕಡೆ ಕ್ರಿಯಾ ಯೋಜನೆಯಲ್ಲಿ ಚರಂಡಿಯ ಕಾಮಗಾರಿ ಕಳೆ ತೆಗೆಯುವುದಕ್ಕಿಂತ ಮೊದಲು ಬರಬೇಕು.

ಕೆರೆಯಲ್ಲಿ ಹುಳು ಈಗಾಗಲೇ ಇದೆಯೇ ಎಂಬುದನ್ನು ಸದಸ್ಯರೇ ನೋಡಬಹುದು. ಎಲೆಯ ಮೇಲೆ ಎರಡು-ಮೂರು ಮಿಲಿಮೀಟರ್ ಅಗಲದ ಕಂದು ಕಲೆಗಳು ಒತ್ತೊತ್ತಾಗಿದ್ದರೆ, ತೊಟ್ಟನ್ನು ಸೀಳಿದಾಗ ಕಪ್ಪಗಾದ ಸುರಂಗ ಕಂಡರೆ, ಇದೆ. ಇಲ್ಲದಿದ್ದಲ್ಲಿ ಸಮೀಪದ ಕೃಷಿ ವಿಜ್ಞಾನ ಕೇಂದ್ರದ ಮೂಲಕ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ಸಲಹೆ ಪಡೆಯಬಹುದು.