ಸಾಧಕರ ಚರಿತ್ರೆಯನ್ನು ಓದುವ ಬಗೆ

ಸಾಧಕರನ್ನು ಕೊಂಡಾಡುವುದು ಸುಲಭ. ಅವರಿಂದ ಕಲಿಯುವುದು ಕಷ್ಟ. ಮಹನೀಯರು ಪಡೆದ ಬಿರುದುಗಳನ್ನು ನಾವು ವಿದ್ಯಾರ್ಥಿಗಳಿಗೆ ಹೇಳುತ್ತೇವೆ. ಅದಕ್ಕೆ ಮುನ್ನ ಅವರು ಸವೆಸಿದ ವರ್ಷಗಳನ್ನು ಹೇಳುವುದು ವಿರಳ. ಫಲವನ್ನು ತೋರಿಸಿ ಬೇಸಾಯವನ್ನು ಮರೆಸಿದರೆ ಎಳೆಯ ಮನಸ್ಸಿನಲ್ಲಿ ಆಸೆ ಹುಟ್ಟೀತು, ವಿವೇಕ ಹುಟ್ಟದು.

ಕನ್ನಡಿಗರಿಗೆ ಸುಪರಿಚಿತವಾದ ಒಂದು ನಿದರ್ಶನವನ್ನು ನೋಡೋಣ. ಜರ್ಮನಿಯಲ್ಲಿ 1832ರಲ್ಲಿ ಜನಿಸಿದ ಫರ್ಡಿನಾಂಡ್ ಕಿಟ್ಟೆಲ್ಲರು ಬಾಸೆಲ್ ಮಿಷನ್ನಿನ ಪರವಾಗಿ 1853ರಲ್ಲಿ ಭಾರತಕ್ಕೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಪ್ರಕಟವಾದುದು 1894ರಲ್ಲಿ. ನಡುವೆ ಸಂದ ಕಾಲ 41 ವರ್ಷ. ಈ ಅವಧಿಯಲ್ಲಿ ಅವರು ಕೇಶಿರಾಜನ ಶಬ್ದಮಣಿದರ್ಪಣವನ್ನು 1872ರಲ್ಲಿಯೂ ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿಯೂ ಸಂಪಾದಿಸಿದರು. ಮೊದಲು ವ್ಯಾಕರಣ, ಬಳಿಕ ಛಂದಸ್ಸು, ಅನಂತರ ಕೋಶ. ತಳಹದಿ ಹಾಕದೆ ಗೋಪುರಕ್ಕೆ ಕೈಯಿಡಲಿಲ್ಲ. ಕಾವ್ಯಗಳ ಜೊತೆಗೆ ಜನರ ಗಾದೆಗಳನ್ನೂ ಕೋಶಕ್ಕೆ ತಂದರು. ಈ ನೆಲದ ಪಂಡಿತರಿಂದ ಕಲಿಯಲು ಸಂಕೋಚಪಡಲಿಲ್ಲ.

ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮಾತೂ ಹಾಗೆಯೇ. ಅದರ ಮೂರು ಸಂಪುಟಗಳು ಕ್ರಮವಾಗಿ 1907, 1919, 1929ರಲ್ಲಿ ಹೊರಬಂದವು. ಮೊದಲನೆಯದಕ್ಕೂ ಕಡೆಯದಕ್ಕೂ ನಡುವೆ 22 ವರ್ಷ!

ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಸಾಧಕರ ಬದುಕಿನಲ್ಲಿ ಪರಿಸ್ಥಿತಿ ಬೇರೆ, ಪದ್ಧತಿ ಬೇರೆ. ಕಿಟ್ಟೆಲ್ಲರ ಬೆನ್ನಿಗೆ ಒಂದು ಸಂಸ್ಥೆಯಿತ್ತು, ಆ ಸಂಸ್ಥೆಗೆ ಅಚ್ಚುಕೂಟವಿತ್ತು. ಇವು ಎಲ್ಲರಿಗೂ ಒದಗುವಂಥವಲ್ಲ. ಇದನ್ನು ಮರೆತು, ದುಡಿದವರೆಲ್ಲರೂ ಗೆಲ್ಲುತ್ತಾರೆಂದು ಬೋಧಿಸಿದರೆ, ದುಡಿದೂ ಗೆಲ್ಲದ ಬಡ ವಿದ್ಯಾರ್ಥಿಯು ತನ್ನನ್ನೇ ಹಳಿದುಕೊಳ್ಳುವನು. ಅದು ಅನ್ಯಾಯ. ಪರಿಸ್ಥಿತಿಯನ್ನು ಅನುಕರಿಸಲಾಗದು, ಪದ್ಧತಿಯನ್ನು ಅನುಸರಿಸಬಹುದು.

ಸಾಧಕರ ಉಪದೇಶವನ್ನೂ ಇದೇ ಒರೆಗಲ್ಲಿಗೆ ಹಚ್ಚಬೇಕು. ಗೆದ್ದ ಮೇಲೆ ಹೇಳಿದ ಮಾತನ್ನು ಗೆಲ್ಲುವ ಮೊದಲು ಅವರು ಆಚರಿಸಿದ್ದರೇ? ಆಚರಿಸಿದ್ದರೆ ಅದು ಗ್ರಾಹ್ಯ. ಇಲ್ಲವಾದರೆ ಕೇವಲ ಶ್ರವಣಸುಖ.

ಆದುದರಿಂದ ಅಧ್ಯಾಪಕರು ಮಕ್ಕಳಿಗೆ ಮಹನೀಯರ ಪದವಿಗಿಂತ ದಿನಚರಿಯನ್ನು ಹೆಚ್ಚಾಗಿ ಹೇಳಲಿ. ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ತಾವೇರಿದ ಎತ್ತರವನ್ನಷ್ಟೇ ಅಲ್ಲ, ಎಡವಿದ ಮೆಟ್ಟಿಲುಗಳನ್ನೂ ತೋರಿಸಲಿ. ಪರಿಶ್ರಮವನ್ನು ವಿದ್ಯಾರ್ಥಿಯು ತಾನೇ ತಂದುಕೊಳ್ಳಬೇಕು; ಪರಿಸ್ಥಿತಿಯನ್ನು ಅನುಕೂಲಗೊಳಿಸುವ ಶಕ್ತಿ ದಾನಿಗಳ ಕೈಯಲ್ಲಿದೆ. ಇವೆರಡೂ ಕೂಡಿದೆಡೆ ವಿದ್ಯೆ ಫಲಿಸುತ್ತದೆ.