ಸಿಗರೇಟ್ ಪ್ಯಾಕಿನೊಳಗಿನ ಚಿತ್ರಗಳು

ಚಿಪ್ಸ್ ಪ್ಯಾಕೆಟ್ ಒಳಗಿನ ಸ್ಟಿಕ್ಕರ್‌ಗೋಸ್ಕರ ಚಿಪ್ಸ್ ತಗೊಂಡವರು ನಮ್ಮಲ್ಲಿ ಬಹಳ ಜನ ಇದ್ದೇವೆ. ತಿನ್ನೋದಕ್ಕಿಂತ ಸೆಟ್ ಪೂರ್ತಿ ಮಾಡೋದೇ ಮುಖ್ಯ! 1880ರ ದಶಕದಲ್ಲಿ ಅಮೆರಿಕದ ತಂಬಾಕು ಕಂಪನಿಗಳು ಇದೇ ಐಡಿಯಾದಿಂದ ಸಿಗರೇಟ್ ಮಾರಿದವು.

ಆಗ ಸಿಗರೇಟ್ ಪ್ಯಾಕ್ ಅಂದರೆ ತೆಳು ಕಾಗದದ ಪೊಟ್ಟಣ. ಜೇಬಿನಲ್ಲಿ ಸಿಗರೇಟ್ ಮುರಿಯದಿರಲಿ ಅಂತ ಒಳಗೊಂದು ಗಟ್ಟಿ ಕಾರ್ಡ್ ಇಡ್ತಿದ್ರು. ಹೇಗೂ ಇಡಬೇಕು, ಖಾಲಿ ಯಾಕೆ ಬಿಡೋದು ಅಂತ ಅದರ ಮೇಲೆ ಚಿತ್ರ ಅಚ್ಚಾಯಿತು.

ಇದರ ಹಿಂದೆ ಒಂದು ಮಷೀನ್ ಕೂಡ ಇದೆ. ಜೇಮ್ಸ್ ಬಾನ್ಸ್ಯಾಕ್ ಎಂಬ ಯುವಕನಿಗೆ 1881ರಲ್ಲಿ ಸಿಗರೇಟ್ ಸುತ್ತುವ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತು. ಕೈಯಲ್ಲಿ ಸುತ್ತುವವರು ನಿಮಿಷಕ್ಕೆ ನಾಲ್ಕೈದು ಮಾಡಿದರೆ, ಈ ಯಂತ್ರ ಸುಮಾರು 200 ಮಾಡ್ತಿತ್ತು. ಜೇಮ್ಸ್ ಡ್ಯೂಕ್ 1884ರಲ್ಲಿ ಇದನ್ನು ತನ್ನ ಕಾರ್ಖಾನೆಗೆ ತಂದ. ಸಿಗರೇಟ್ ಮಾಡೋದು ಸುಲಭವಾಯ್ತು, ಅಷ್ಟನ್ನೂ ಮಾರೋದು ಕಷ್ಟವಾಯ್ತು. ಆ ಮಾರಾಟದ ಕೆಲಸ ಕಾರ್ಡ್‌ಗೆ ಬಂತು.

ರಿಚ್ಮಂಡ್‌ನ ಅಲೆನ್ ಅಂಡ್ ಗಿಂಟರ್ ಕಂಪನಿ 1887ರಲ್ಲಿ ತಂದ ‘ವಿಶ್ವ ಚಾಂಪಿಯನ್ನರು’ ಸರಣಿಯಲ್ಲಿ 50 ಕಾರ್ಡ್‌ಗಳಿದ್ದವು. ಬೇಸ್‌ಬಾಲ್ ಆಟಗಾರರು, ಬಾಕ್ಸರ್‌ಗಳು, ದೋಣಿ ನಡೆಸುವವರು, ಗುರಿಕಾರ್ತಿ ಆನಿ ಓಕ್ಲಿ ಎಲ್ಲರೂ ಅದರಲ್ಲಿದ್ದರು. ಹಕ್ಕಿ, ಮೀನು, ಬಾವುಟಗಳ ಸರಣಿಗಳೂ ಬಂದವು.

ಮುದ್ರಣ ಕ್ರೋಮೋಲಿಥೋಗ್ರಫಿಯಲ್ಲಿ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು ಕಲ್ಲನ್ನು ಒದ್ದೆ ಮಾಡ್ತಾರೆ. ಎಣ್ಣೆ-ನೀರು ಸೇರಲ್ಲ ಅಲ್ವಾ? ಹಾಗಾಗಿ ಶಾಯಿ ಜಿಡ್ಡಿರುವ ಕಡೆ ಮಾತ್ರ ಹಿಡಿಯುತ್ತೆ. ಒಂದೊಂದು ಬಣ್ಣಕ್ಕೂ ಬೇರೆ ಕಲ್ಲು. ಕಾಗದ ಸ್ವಲ್ಪ ಜರುಗಿದರೂ ಬಣ್ಣ ಗೆರೆ ದಾಟಿ ಚಿತ್ರ ಹಾಳು. ಚಿಕ್ಕ ಕಾರ್ಡ್‌ನಲ್ಲಿ ಕೆನ್ನೆಯ ನೆರಳು ಕೂಡ ತಂದ ಆ ಕಲಾವಿದರಲ್ಲಿ ಹೆಚ್ಚಿನವರ ಹೆಸರು ಕಾರ್ಡ್ ಮೇಲಿಲ್ಲ.

ಗುಡ್ವಿನ್ ಕಂಪನಿಯ ‘ಓಲ್ಡ್ ಜಡ್ಜ್’ ಕಾರ್ಡ್‌ಗಳಲ್ಲಿ ಇದ್ದದ್ದು ಫೋಟೋ. ಆಗಿನ ಕ್ಯಾಮೆರಾಗೆ ವೇಗದ ಆಟ ಹಿಡಿಯೋಕೆ ಕಷ್ಟ. ಅದಕ್ಕೆ ಸ್ಟುಡಿಯೋದಲ್ಲಿ ಚೆಂಡನ್ನು ದಾರಕ್ಕೆ ಕಟ್ಟಿ ತೂಗುಹಾಕಿ, ಆಟಗಾರ ಕ್ಯಾಚ್ ಹಿಡಿಯೋ ಹಾಗೆ ನಿಲ್ತಿದ್ದ. ಕೆಲವು ಕಾರ್ಡ್‌ಗಳಲ್ಲಿ ಆ ದಾರ ಇವತ್ತಿಗೂ ಕಾಣುತ್ತೆ!

ಚಾಂಪಿಯನ್ನರ ಕಾರ್ಡ್‌ನ ಮುಂದೆ ಚಂದದ ಚಿತ್ರ, ಹಿಂದೆ ಕಂಪನಿಯ ಹೆಸರು ಮತ್ತು ಸರಣಿಯಲ್ಲಿರುವವರ ಪಟ್ಟಿ. ಅಂದರೆ ನಿಮ್ಮ ಹತ್ತಿರ ಯಾವುದು ಇಲ್ಲ ಅನ್ನೋದನ್ನು ಕಾರ್ಡೇ ನೆನಪಿಸುತ್ತೆ. ಮುಂದಿನದು ಬೇಕಾದರೆ ಇನ್ನೊಂದು ಪ್ಯಾಕ್. ಇವನ್ನು ಕೂಡಿಡ್ತಿದ್ದವರಲ್ಲಿ ಮಕ್ಕಳೂ ಇದ್ದರು.

1890ರಲ್ಲಿ ಡ್ಯೂಕ್, ಅಲೆನ್ ಅಂಡ್ ಗಿಂಟರ್, ಗುಡ್ವಿನ್ ಸೇರಿ ಐದು ಕಂಪನಿಗಳು ಒಂದಾಗಿ ಅಮೆರಿಕನ್ ಟೊಬ್ಯಾಕೋ ಕಂಪನಿ ಹುಟ್ಟಿತು. ಪೈಪೋಟಿ ಹೋಯ್ತು, ಅದರ ಹಿಂದೆಯೇ ಕಾರ್ಡ್‌ಗಳೂ ಕಡಿಮೆಯಾದವು. ಕಂಪನಿಗೆ ಬೇಕಿದ್ದದ್ದು ಕಲೆ ಅಲ್ಲ, ಗಿರಾಕಿ.

ಆದರೂ ಕಲೆ ಉಳಿಯಿತು. ಎಲೆಕ್ಟ್ರಿಕಲ್ ಬಿಡಿಭಾಗ ಜೋಡಿಸುವ ಕೆಲಸದಲ್ಲಿದ್ದ ಜೆಫರ್ಸನ್ ಬರ್ಡಿಕ್, ಸಂಧಿವಾತದ ನೋವಿನಲ್ಲೂ ಇಂಥ 3 ಲಕ್ಷಕ್ಕೂ ಹೆಚ್ಚು ಮುದ್ರಿತ ಕಾಗದಗಳನ್ನು ಕೂಡಿಹಾಕಿ ನ್ಯೂಯಾರ್ಕ್‌ನ ಮೆಟ್ರೋಪಾಲಿಟನ್ ಮ್ಯೂಸಿಯಂಗೆ ಕೊಟ್ಟ. 1963ರಲ್ಲಿ ಅಂಟಿಸುವ ಕೆಲಸ ಮುಗಿಸಿದ ಸುಮಾರು ಎರಡು ತಿಂಗಳಲ್ಲಿ ತೀರಿಕೊಂಡ.

ನಾಳೆ ನಾವು ಆ್ಯಪ್, ಗೇಮ್ ಮಾಡುವವರು. ಸ್ಟ್ರೀಕ್, ಬ್ಯಾಡ್ಜ್, ‘ಇನ್ನೊಂದೇ ಬಾಕಿ’ ಅನ್ನೋ ನೋಟಿಫಿಕೇಶನ್ ನಾವೇ ಡಿಸೈನ್ ಮಾಡಬೇಕಾಗಬಹುದು. ಚಂದ ಮಾಡೋಣ, ಸರಿ. ಆದರೆ ಅದು ಏನನ್ನು ಮಾರ್ತಿದೆ, ಯಾರಿಗೆ ಮಾರ್ತಿದೆ ಅಂತ ಕೇಳೋದೂ ನಮ್ಮ ಕೆಲಸವೇ.